ಹೆಸರಿಲ್ಲದ ಪುಟ್ಟ ಎಂಜಿನ್: ಹಳೆಯ ಮಾದರಿ ಎಂಜಿನ್‌ಗಳನ್ನು ಗುರುತಿಸುವ ಬಗೆ

ಹಿರಿಯರು ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ ಕೆಲವೊಮ್ಮೆ ವಿಚಿತ್ರವಾದ ವಸ್ತುವೊಂದು ಕೈಗೆ ಸಿಗುತ್ತದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸುತ್ತ ತೆಳುವಾದ ಪಟ್ಟಿಗಳಿರುವ ಸಿಲಿಂಡರ್, ಮುಂದೆ ಪ್ರೊಪೆಲರ್ ಕೂರಿಸುವ ದಂಡ, ಒಂದು ಬದಿಯಲ್ಲಿ ಇಂಧನ ನಿಯಂತ್ರಿಸುವ ಸೂಜಿ ಕವಾಟ. ಮೇಲೆ ಕಂದುಬಣ್ಣದ ಜಿಗುಟು ಪದರ. ತಯಾರಕರ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಇದು ಮಾದರಿ ವಿಮಾನ ಅಥವಾ ದೋಣಿಗೆ ಅಳವಡಿಸುತ್ತಿದ್ದ ಎಂಜಿನ್ ಎಂಬುದಷ್ಟೇ ತಿಳಿಯುತ್ತದೆ.

ಇಂತಹ ವಸ್ತು ಗುಜರಿಗೆ ಸೇರಬಹುದು, ಇಲ್ಲವೇ ಅತಿ ಉತ್ಸಾಹಿಯ ಕೈಯಲ್ಲಿ ಹಾಳಾಗಬಹುದು. ಎರಡೂ ಸಂದರ್ಭಗಳಲ್ಲಿ ನಷ್ಟವಾಗುವುದು ಒಂದು ಕುಟುಂಬದ ನೆನಪು ಮತ್ತು ತಂತ್ರಜ್ಞಾನ ಚರಿತ್ರೆಯ ಒಂದು ಚೂರು. ಹೆಸರು ಕೆತ್ತಿಲ್ಲದ ಎಂಜಿನ್ ಕೂಡ ತನ್ನ ರಚನೆಯ ಮೂಲಕವೇ ತನ್ನ ಕಾಲವನ್ನೂ ದೇಶವನ್ನೂ ಬಹುಮಟ್ಟಿಗೆ ಹೇಳುತ್ತದೆ. ಆ ಸಾಕ್ಷ್ಯವನ್ನು ಅಳಿಸದೆ, ಕ್ರಮವಾಗಿ ಓದುವ ತಾಳ್ಮೆ ಬೇಕು. ಹೆಸರನ್ನು ಊಹಿಸಿ ಬಳಿಕ ಸಾಕ್ಷ್ಯ ಹುಡುಕುವುದು ತಪ್ಪು ದಾರಿ. ಸಾಕ್ಷ್ಯವನ್ನು ದಾಖಲಿಸಿ ಬಳಿಕ ಹೆಸರಿನತ್ತ ಸಾಗುವುದು ಸರಿಯಾದ ದಾರಿ.

ಮೊದಲು ಮಾಡಬಾರದ ಕೆಲಸಗಳು

ಸಿಕ್ಕ ಕೂಡಲೇ ದಂಡವನ್ನು ತಿರುಗಿಸಿ ನೋಡುವುದು ಎಲ್ಲರ ಸಹಜ ಪ್ರವೃತ್ತಿ. ಆದರೆ ಅನೇಕ ಹಳೆಯ ಎಂಜಿನ್‌ಗಳು ಹಾಳಾಗುವುದೇ ಈ ಕ್ಷಣದಲ್ಲಿ. ಇವುಗಳ ಇಂಧನದಲ್ಲಿ ಜಾರುಕಕ್ಕಾಗಿ ಹರಳೆಣ್ಣೆಯನ್ನು ಬೆರೆಸುತ್ತಿದ್ದರು. ದಶಕಗಳ ಕಾಲ ಹಾಗೆಯೇ ಉಳಿದ ಹರಳೆಣ್ಣೆ ಗಟ್ಟಿಯಾಗಿ ಅರಗಿನಂತೆ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಇಕ್ಕಳದಿಂದ ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ದಂಡದ ಮೇಲೆ ಇಕ್ಕಳದ ಹಲ್ಲಿನ ಗುರುತು ಶಾಶ್ವತವಾಗಿ ಉಳಿಯುತ್ತದೆ.

ಸೌಮ್ಯವಾದ ಶಾಖವೇ ಇದಕ್ಕೆ ಮದ್ದು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ತಗುಲಿಸಿ, ತೆಳುವಾದ ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಕೈಯಿಂದಲೇ ಮೆಲ್ಲಗೆ ಅತ್ತಿತ್ತ ಆಡಿಸಿದರೆ ಬಹುತೇಕ ಎಂಜಿನ್‌ಗಳು ಸಡಿಲಗೊಳ್ಳುತ್ತವೆ. ಬೆಂಕಿಯ ಜ್ವಾಲೆಯನ್ನು ನೇರವಾಗಿ ಹಿಡಿಯಬಾರದು.

ಸ್ವಚ್ಛಗೊಳಿಸುವ ಆತುರವೂ ಅಪಾಯಕಾರಿ. ಕಾಸ್ಟಿಕ್ ಸೋಡಾ ಅಥವಾ ಅದನ್ನು ಒಳಗೊಂಡ ಒಲೆ ತೊಳೆಯುವ ದ್ರಾವಣ ಅಲ್ಯುಮಿನಿಯಮ್ ಲೋಹವನ್ನೇ ಕರಗಿಸುತ್ತದೆ. ತೀಕ್ಷ್ಣ ದ್ರಾವಕಗಳು ಹಳೆಯ ಸೆಲ್ಯುಲಾಯ್ಡ್ ಇಂಧನ ತೊಟ್ಟಿಯನ್ನು ವಿರೂಪಗೊಳಿಸಬಲ್ಲವು. ಹೊಳಪು ಕೊಡುವ ಗಾಲಿಗೆ ಹಿಡಿದರೆ ಎರಕದ ಮೂಲ ಮೈ, ಮಸುಕಾದ ಅಕ್ಷರಗಳು, ಲೇತ್ ಯಂತ್ರದ ಗೆರೆಗಳು ಒಟ್ಟಿಗೆ ಅಳಿಸಿಹೋಗುತ್ತವೆ. ಸಂಗ್ರಾಹಕರು ಹೊಳೆಯುವ ಎಂಜಿನ್‌ಗಿಂತ ಕೆಡದ ಎಂಜಿನ್‌ಗೆ ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲ ಕೆಲಸ ಛಾಯಾಚಿತ್ರ ತೆಗೆಯುವುದು. ಆರೂ ಬದಿಗಳಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಓರೆಯಾಗಿ ಬೀಳುವ ಬೆಳಕಿನಲ್ಲಿ ಚಿತ್ರ ತೆಗೆದರೆ ಕಣ್ಣಿಗೆ ಕಾಣದ ಸವೆದ ಅಕ್ಷರಗಳೂ ಗೋಚರಿಸುತ್ತವೆ.

ಮೂರು ಕುಲಗಳು

ಇಂಧನಕ್ಕೆ ಕಿಡಿ ಹೊತ್ತಿಸುವ ವಿಧಾನವನ್ನು ಅನುಸರಿಸಿ ಮಾದರಿ ಎಂಜಿನ್‌ಗಳನ್ನು ಮೂರು ಕುಲಗಳಾಗಿ ವಿಂಗಡಿಸಬಹುದು. ಗುರುತಿಸುವ ಕಾರ್ಯದ ಮೊದಲ ಮೆಟ್ಟಿಲು ಇದು.

ಮೊದಲನೆಯದು ಸ್ಪಾರ್ಕ್ ಎಂಜಿನ್. ಕಾರು, ಬೈಕುಗಳಂತೆ ಇದಕ್ಕೂ ಸ್ಪಾರ್ಕ್ ಪ್ಲಗ್, ಬ್ಯಾಟರಿ, ಕಾಯಿಲ್ ಮತ್ತು ಕಂಡೆನ್ಸರ್ ಬೇಕು. ದಂಡದ ಬಳಿ ಕಾಂಟ್ಯಾಕ್ಟ್ ಬ್ರೇಕರ್ ಹಾಗೂ ಅದನ್ನು ಹಿಂದೆ ಮುಂದೆ ಸರಿಸುವ ಚಿಕ್ಕ ಹಿಡಿಕೆ ಇರುವುದೇ ಇದರ ಮುಖ್ಯ ಲಕ್ಷಣ. ಪೆಟ್ರೋಲ್ ಮತ್ತು ಎಣ್ಣೆಯ ಮಿಶ್ರಣ ಇದರ ಇಂಧನ. 1930ರ ದಶಕ ಮತ್ತು 1940ರ ದಶಕದ ಬಹುಭಾಗದಲ್ಲಿ ಅಮೆರಿಕದಲ್ಲಿ ಈ ಕುಲದ್ದೇ ಪ್ರಾಬಲ್ಯವಿತ್ತು.

ಎರಡನೆಯದನ್ನು ಹವ್ಯಾಸಿಗಳು ಡೀಸೆಲ್ ಎಂದು ಕರೆಯುತ್ತಾರೆ. ಲಾರಿಯ ಡೀಸೆಲ್ ಎಂಜಿನ್‌ನಲ್ಲಿ ಇಂಧನವನ್ನು ಪಂಪಿನ ಮೂಲಕ ಸಿಂಪಡಿಸಲಾಗುತ್ತದೆ. ಇಲ್ಲಿ ಇಂಧನವು ಗಾಳಿಯೊಂದಿಗೆ ಮೊದಲೇ ಬೆರೆತು ಒಳಬಂದು, ಒತ್ತಡದ ಶಾಖದಿಂದ ತಾನೇ ಹೊತ್ತಿಕೊಳ್ಳುತ್ತದೆ. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿದ ಇಂಧನ ಇದಕ್ಕೆ ಬೇಕು. ಸಿಲಿಂಡರ್ ನೆತ್ತಿಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ತಿರುಪು ಇದ್ದರೆ ಅದು ಬಹುತೇಕ ಖಚಿತವಾಗಿ ಡೀಸೆಲ್. ಆ ತಿರುಪು ಒಳಗಿನ ಎದುರು ಪಿಸ್ಟನ್ನನ್ನು ಕೆಳಗೆ ಒತ್ತಿ ಒತ್ತಡವನ್ನು ಹೆಚ್ಚಿಸುತ್ತದೆ. ತಿರುಪು ಇಲ್ಲವೆಂದ ಮಾತ್ರಕ್ಕೆ ಡೀಸೆಲ್ ಅಲ್ಲವೆಂದು ತೀರ್ಮಾನಿಸುವಂತಿಲ್ಲ. ಅಮೆರಿಕದ ‘ಡ್ರೋನ್’ ಡೀಸೆಲ್‌ನಂತೆ ಒತ್ತಡವನ್ನು ಬದಲಿಸಲಾಗದ ಎಂಜಿನ್‌ಗಳೂ ಇದ್ದವು. ಬ್ಯಾಟರಿ, ಕಾಯಿಲ್‌ಗಳ ಭಾರವಿಲ್ಲದ ಈ ಕುಲ ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಿಟ್ಜರ್ಲೆಂಡ್ ಮತ್ತಿತರ ಯೂರೋಪಿನ ದೇಶಗಳಲ್ಲಿ ಬೆಳೆದು, ಯುದ್ಧಾನಂತರ ಬ್ರಿಟನ್ನಿನಲ್ಲಿ ಮನೆಮಾತಾಯಿತು.

ಮೂರನೆಯದು ಗ್ಲೋ ಎಂಜಿನ್. ಇದರ ಪ್ಲಗ್ಗಿನೊಳಗೆ ಪ್ಲಾಟಿನಂ ಮಿಶ್ರಲೋಹದ ಸೂಕ್ಷ್ಮ ತಂತಿಸುರುಳಿ ಇರುತ್ತದೆ. ಚಾಲನೆಯ ವೇಳೆ 1.5 ವೋಲ್ಟ್ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿ, ಎಂಜಿನ್ ಓಡತೊಡಗಿದ ಮೇಲೆ ತಂತಿಯನ್ನು ಕಳಚುತ್ತಾರೆ. ಬಳಿಕ ದಹನದ ಶಾಖ ಮತ್ತು ಮೆಥನಾಲ್ ಮೇಲೆ ಪ್ಲಾಟಿನಂ ಉಂಟುಮಾಡುವ ರಾಸಾಯನಿಕ ಪ್ರಭಾವದಿಂದ ಸುರುಳಿ ಕೆಂಪಾಗಿಯೇ ಉಳಿಯುತ್ತದೆ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದರು. ಹೀಗಾಗಿ ಗ್ಲೋ ಎಂಜಿನ್ ಆಗಿಯೇ ವಿನ್ಯಾಸಗೊಂಡ ಯಂತ್ರವೊಂದು ಮಾರಾಟದ ಸರಕಾಗಿ ಅದಕ್ಕಿಂತ ಹಿಂದಿನದಾಗಿರುವುದು ಅಸಂಭವ.

ಇಲ್ಲೊಂದು ಎಚ್ಚರಿಕೆ ಅಗತ್ಯ. 1947ರ ಬಳಿಕ ಸಾವಿರಾರು ಹವ್ಯಾಸಿಗಳು ತಮ್ಮ ಸ್ಪಾರ್ಕ್ ಎಂಜಿನ್‌ಗಳಿಂದ ಕಾಂಟ್ಯಾಕ್ಟ್ ಬ್ರೇಕರ್ ತೆಗೆದು ಗ್ಲೋ ಪ್ಲಗ್ ಹಾಕಿಕೊಂಡರು. ಆದ್ದರಿಂದ ಪ್ಲಗ್ ಒಂದನ್ನೇ ನೋಡಿ ಕುಲ ನಿರ್ಧರಿಸಬಾರದು. ಮುಂಭಾಗದ ಎರಕದಲ್ಲಿ ಕಾರಣವಿಲ್ಲದ ದಿಂಡು, ದಂಡದ ಮೇಲೆ ಒಂದು ಬದಿ ಚಪ್ಪಟೆಯಾದ ಕ್ಯಾಮ್ ಕಂಡರೆ ಅದು ವೇಷ ಬದಲಿಸಿದ ಸ್ಪಾರ್ಕ್ ಎಂಜಿನ್ ಇರಬಹುದು.

ಅಳತೆ ನುಡಿಯುವ ಸಾಕ್ಷ್ಯ

ಎರಡನೆಯ ಮೆಟ್ಟಿಲು ಸಿಲಿಂಡರ್ ಸಾಮರ್ಥ್ಯದ ಲೆಕ್ಕ. ಬೇಕಾಗುವುದು ಒಂದು ವರ್ನಿಯರ್ ಕ್ಯಾಲಿಪರ್ ಮಾತ್ರ. ಸಿಲಿಂಡರ್ ಒಳವ್ಯಾಸವನ್ನು ಅದೇ ಸಂಖ್ಯೆಯಿಂದ ಗುಣಿಸಿ, ಪಿಸ್ಟನ್ ಚಲಿಸುವ ದೂರದಿಂದ ಗುಣಿಸಿ, ಮತ್ತೆ 0.7854ರಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಪ್ಲಗ್ ಇರುವ ಎಂಜಿನ್‌ನಲ್ಲಿ ಪಿಸ್ಟನ್ ಚಲನೆಯನ್ನು ಪ್ಲಗ್ ರಂಧ್ರದೊಳಗೆ ತೆಳುವಾದ ಮರದ ಕಡ್ಡಿಯನ್ನು ಇಳಿಸಿ, ಅತ್ಯಂತ ಮೇಲಿನ ಮತ್ತು ಕೆಳಗಿನ ಸ್ಥಾನಗಳಲ್ಲಿ ಗುರುತು ಹಾಕಿ ತಿಳಿಯಬಹುದು.

ಉದಾಹರಣೆಗೆ ಒಳವ್ಯಾಸ 15 ಮಿ.ಮೀ., ಚಲನೆ 14 ಮಿ.ಮೀ. ಇದ್ದರೆ ಸಾಮರ್ಥ್ಯ ಸುಮಾರು 2.47 ಸಿಸಿ. ಅಂತಾರಾಷ್ಟ್ರೀಯ ಮಾದರಿ ವಿಮಾನ ಸ್ಪರ್ಧೆಗಳ ಹಲವು ವಿಭಾಗಗಳಲ್ಲಿ 2.5 ಸಿಸಿ ಗರಿಷ್ಠ ಮಿತಿಯಾಗಿರುವುದರಿಂದ ಈ ಗಾತ್ರದ ಎಂಜಿನ್‌ಗಳು ಅನೇಕ ದೇಶಗಳಲ್ಲಿ ತಯಾರಾದವು.

ಅಮೆರಿಕದ ತಯಾರಕರು ಸಾಮರ್ಥ್ಯವನ್ನು ಘನ ಇಂಚಿನಲ್ಲಿ ಹೇಳುತ್ತಿದ್ದರು. ಒಂದು ಘನ ಇಂಚು ಎಂದರೆ 16.387 ಸಿಸಿ. ಹಾಗಾಗಿ ‘.049’ ಎಂಬ ಗುರುತು ಸುಮಾರು 0.8 ಸಿಸಿ, ‘.15’ ಸುಮಾರು 2.46 ಸಿಸಿ, ‘.35’ ಸುಮಾರು 5.74 ಸಿಸಿ, ‘.60’ ಸುಮಾರು 9.83 ಸಿಸಿ. ಕ್ಯಾಲಿಫೋರ್ನಿಯಾದ ಕಾಕ್ಸ್ ಸಂಸ್ಥೆಯ ‘.049’ ಎಂಜಿನ್‌ಗಳು ಭಾರೀ ಸಂಖ್ಯೆಯಲ್ಲಿ ಮಾರಾಟವಾಗಿದ್ದು, ಅನಾಮಧೇಯವಾಗಿ ಸಿಗುವ ಪುಟ್ಟ ಎಂಜಿನ್‌ಗಳ ಪೈಕಿ ಅವೂ ಸೇರಿರುತ್ತವೆ.

ತಿರುಪುಗಳ ಮರೆಗಳೂ ಮಾತನಾಡುತ್ತವೆ. ಯೂರೋಪ್ ಮತ್ತು ಜಪಾನಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಮೆಟ್ರಿಕ್ ಮರೆ, ಅಮೆರಿಕದವುಗಳಲ್ಲಿ ಇಂಚಿನ ಮರೆ, ಹಳೆಯ ಬ್ರಿಟಿಷ್ ಎಂಜಿನ್‌ಗಳಲ್ಲಿ ‘ಬಿಎ’ ಎಂಬ ವಿಶಿಷ್ಟ ಮರೆ ಇರುತ್ತದೆ. ಇಲ್ಲಿ ಸುಲಭವಾಗಿ ಮೋಸಹೋಗುವ ಒಂದು ಅಂಶವಿದೆ. 2 ಬಿಎ ತಿರುಪಿನ ಮರೆಯಂತರ 0.81 ಮಿ.ಮೀ.; 5 ಮಿ.ಮೀ. ಮೆಟ್ರಿಕ್ ತಿರುಪಿನದು 0.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ 2 ಬಿಎ ವ್ಯಾಸ 4.7 ಮಿ.ಮೀ. ಮಾತ್ರ. ವ್ಯಾಸವನ್ನು ಅಳೆಯದೆ 5 ಮಿ.ಮೀ. ನಟ್ಟನ್ನು ಹಾಕಿದರೆ ಅದು ಸಡಿಲವಾಗಿ ಕೂರುತ್ತದೆ. ಓಡುವಾಗ ಪ್ರೊಪೆಲರ್ ಕಳಚಿ ಹಾರಲು ಅಷ್ಟು ಸಾಕು.

ಉಸಿರಾಟದ ದಾರಿ

ಗಾಳಿ ಮತ್ತು ಇಂಧನ ಎಂಜಿನ್‌ನೊಳಗೆ ಪ್ರವೇಶಿಸುವ ದಾರಿ ಕಾಲನಿರ್ಣಯಕ್ಕೆ ನೆರವಾಗುತ್ತದೆ. ಪ್ರವೇಶನಳಿಕೆ ಸಿಲಿಂಡರ್ ಬುಡದಲ್ಲಿದ್ದು, ಪಿಸ್ಟನ್ ಅಂಚೇ ಅದನ್ನು ತೆರೆದು ಮುಚ್ಚುವ ವ್ಯವಸ್ಥೆ ಇದ್ದರೆ ಅದನ್ನು ಸೈಡ್‌ಪೋರ್ಟ್ ಎನ್ನುತ್ತಾರೆ. 1930 ಮತ್ತು 1940ರ ದಶಕಗಳಲ್ಲಿ ಇದು ಬಹಳ ಸಾಮಾನ್ಯವಾಗಿತ್ತು. ಇಂತಹ ಎಂಜಿನ್ ಎರಡೂ ದಿಕ್ಕಿನಲ್ಲಿ ತಿರುಗಬಲ್ಲದು.

ನಳಿಕೆ ಮುಂಭಾಗದಲ್ಲಿದ್ದು, ಟೊಳ್ಳಾದ ಕ್ರ್ಯಾಂಕ್ ಶಾಫ್ಟ್ ಮೂಲಕ ಇಂಧನ ಹರಿಯುವಂತಿದ್ದರೆ ಅದು ಮುಂದಿನ ಹಂತದ ಜನಪ್ರಿಯ ವಿನ್ಯಾಸ. ಹಿಂಭಾಗದ ಮುಚ್ಚಳದಲ್ಲಿ ತಿರುಗುವ ಬಿಲ್ಲೆಯ ಮೂಲಕ ಉಸಿರಾಡುವ ಎಂಜಿನ್‌ಗಳು ವೇಗದ ಸ್ಪರ್ಧೆಗಳಲ್ಲಿ ಹೆಸರು ಮಾಡಿದವು. ಅಮೆರಿಕದ ಮೆಕಾಯ್ 60 ಮತ್ತು ಡೂಲಿಂಗ್ 61 ಇದಕ್ಕೆ ನಿದರ್ಶನ. ತೆಳುವಾದ ಎಲೆಯಂತಹ ರೀಡ್ ಕವಾಟ ಹಿಂಬದಿಯಲ್ಲಿದ್ದು, ಅದಕ್ಕೆ ಅಂಟಿಕೊಂಡಂತೆ ಲೋಹದ ತೊಟ್ಟಿ ಇದ್ದರೆ ಕಾಕ್ಸ್ ವಂಶದ ಕಡೆಗೆ ಗಮನ ಹರಿಸಬೇಕು.

ವೇಗವನ್ನು ಏರಿಳಿಸುವ ಥ್ರಾಟಲ್ ಕಾರ್ಬ್ಯುರೇಟರ್ ಇದ್ದರೆ ಎಂಜಿನ್ ರೇಡಿಯೊ ನಿಯಂತ್ರಣ ಪ್ರಚಾರಕ್ಕೆ ಬಂದ ನಂತರದ್ದಾಗಿರುವ ಸಾಧ್ಯತೆ ಹೆಚ್ಚು. ಸೈಲೆನ್ಸರ್ ಕೂರಿಸಲು ಎರಕದಲ್ಲೇ ಕಿವಿಗಳಿದ್ದರೆ 1960ರ ದಶಕ ಅಥವಾ ಅದಕ್ಕೂ ಈಚಿನದು. ಪಿಸ್ಟನ್ ನೆತ್ತಿಯಲ್ಲಿ ಗೋಡೆಯಂತಹ ಏಣು ಇದ್ದರೆ ಹಳೆಯ ಪದ್ಧತಿ. ನೆತ್ತಿ ಚಪ್ಪಟೆಯಾಗಿದ್ದು ಸಿಲಿಂಡರ್‌ನ ಎರಡೂ ಬದಿಗಳಲ್ಲಿ ಇಂಧನ ಸಾಗುವ ಉಬ್ಬುಗಳಿದ್ದರೆ 1970ರ ದಶಕದಲ್ಲಿ ಮಾದರಿ ಎಂಜಿನ್‌ಗಳಲ್ಲಿ ವ್ಯಾಪಕವಾದ ಶ್ನೂರ್ಲೆ ಪದ್ಧತಿ.

ಎರಕದ ಮೈ ಮತ್ತು ಗೂಢ ಸಂಖ್ಯೆ

ಕ್ರ್ಯಾಂಕ್ ಕೇಸಿನ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಸಣ್ಣ ಹರಳು ಹರಳಾಗಿ ಒರಟಾಗಿದ್ದರೆ ಮರಳಚ್ಚಿನ ಎರಕ. ಅಲ್ಪ ಸಂಖ್ಯೆಯ ತಯಾರಿಕೆ ಅಥವಾ ಮನೆಯ ಕಾರ್ಯಾಗಾರದ ಕೃತಿ ಎಂಬುದರ ಸೂಚನೆ ಅದು. ನುಣುಪಾಗಿದ್ದು, ಅಚ್ಚಿನಿಂದ ಹೊರದಬ್ಬಿದ ಕಡ್ಡಿಗಳ ದುಂಡನೆಯ ಗುರುತುಗಳಿದ್ದರೆ ಒತ್ತಡದ ಎರಕ. ಅಂತಹ ಅಚ್ಚಿಗೆ ದೊಡ್ಡ ಬಂಡವಾಳ ಬೇಕಾದ್ದರಿಂದ ಅದು ಸಾವಿರಗಳ ಲೆಕ್ಕದಲ್ಲಿ ತಯಾರಾದ ಎಂಜಿನ್ ಎಂದು ತಿಳಿಯಬಹುದು. ಅಸಹಜವಾಗಿ ಹಗುರವಾಗಿದ್ದು ಬೂದುಬಣ್ಣಕ್ಕೆ ತಿರುಗಿದ್ದರೆ ಮೆಗ್ನೀಸಿಯಮ್ ಆಗಿರಬಹುದು.

ಸಂಖ್ಯೆಗಳನ್ನು ಸಾಮಾನ್ಯವಾಗಿ ಎಂಜಿನ್ನನ್ನು ಬಿಗಿಯುವ ಕಾಲುಗಳ ಮೇಲೆ ಇಲ್ಲವೇ ಹಿಂಬದಿಯ ಮುಚ್ಚಳದ ಮೇಲೆ ಗುದ್ದಿರುತ್ತಾರೆ. ಬ್ರಿಟನ್ನಿನ ಇ.ಡಿ. ಸಂಸ್ಥೆಯಂತಹ ತಯಾರಕರು ತಯಾರಿಕೆಯ ತಿಂಗಳು, ವರ್ಷಗಳನ್ನು ಅಕ್ಷರ ಮತ್ತು ಅಂಕಿಗಳ ಸಂಕೇತದಲ್ಲಿ ಅಡಗಿಸುತ್ತಿದ್ದರು. ರಷ್ಯನ್ ಲಿಪಿ ಕಂಡರೆ ಸೋವಿಯತ್ ಒಕ್ಕೂಟದ ಎಂಕೆ ಸರಣಿಯ ಡೀಸೆಲ್‌ಗಳನ್ನು ಹೋಲಿಸಿ ನೋಡಬೇಕು. ‘ಓ.ಎಸ್.’ ಎಂದಿದ್ದರೆ ಅದು ಜಪಾನಿನ ಒಸಾಕಾದಲ್ಲಿ 1936ರಲ್ಲಿ ಒಗಾವಾ ಶಿಗೆಒ ಸ್ಥಾಪಿಸಿದ ಸಂಸ್ಥೆಯ ಮುದ್ರೆ.

ಒಂದು ನಿದರ್ಶನ: ಬ್ರೌನ್ ಜೂನಿಯರ್

ಈ ಕ್ರಮ ಹೇಗೆ ಫಲ ನೀಡುತ್ತದೆ ಎಂಬುದನ್ನು ಒಂದು ಪ್ರಸಿದ್ಧ ಎಂಜಿನ್ ಮೂಲಕ ನೋಡಬಹುದು. ಹೆಸರಿಲ್ಲದ ಎಂಜಿನ್ ಒಂದಕ್ಕೆ ಮುಂಭಾಗದಲ್ಲಿ ಕಾಂಟ್ಯಾಕ್ಟ್ ಬ್ರೇಕರ್ ಇದೆ ಎಂದಿಟ್ಟುಕೊಳ್ಳೋಣ. ಅಂದರೆ ಸ್ಪಾರ್ಕ್ ಕುಲ. ಪ್ರವೇಶನಳಿಕೆ ಸಿಲಿಂಡರ್ ಬುಡದ ಹಿಂಬದಿಯಲ್ಲಿದೆ. ಅಂದರೆ ಸೈಡ್‌ಪೋರ್ಟ್, ಹಳೆಯ ಪದ್ಧತಿ. ಒಳವ್ಯಾಸ 22.2 ಮಿ.ಮೀ., ಪಿಸ್ಟನ್ ಚಲನೆ 25.4 ಮಿ.ಮೀ. ಇದೆ. ಎರಡನೆಯ ಸಂಖ್ಯೆ ಸರಿಯಾಗಿ ಒಂದು ಇಂಚು, ಮೊದಲನೆಯದು ಇಂಚಿನ ಎಂಟನೇ ಏಳು ಭಾಗ. ಆದ್ದರಿಂದ ವಿನ್ಯಾಸಕಾರ ಇಂಚಿನಲ್ಲಿ ಯೋಚಿಸಿದವನು. ಸಾಮರ್ಥ್ಯ 9.83 ಸಿಸಿ, ಅಂದರೆ 0.60 ಘನ ಇಂಚು. ವ್ಯಾಸಕ್ಕಿಂತ ಚಲನೆಯೇ ಹೆಚ್ಚಾಗಿರುವುದು ಇನ್ನೊಂದು ಸುಳಿವು.

ಇಷ್ಟೂ ಲಕ್ಷಣಗಳು ಒಂದೆಡೆ ಸೇರುವುದು ಅಮೆರಿಕದ ಫಿಲಡೆಲ್ಫಿಯಾದ ಬ್ರೌನ್ ಜೂನಿಯರ್ ಎಂಜಿನ್‌ನಲ್ಲಿ. ವಿಲಿಯಂ ಬ್ರೌನ್ ಎಂಬ ತರುಣ ರೂಪಿಸಿದ ಎಂಜಿನ್‌ನಿಂದ ಮ್ಯಾಕ್ಸ್‌ವೆಲ್ ಬ್ಯಾಸೆಟ್ 1933ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಸುತ್ತಿ ಹಾರಿಸುವ ಮಾದರಿಗಳನ್ನು ಹಿಂದಿಕ್ಕಿದರು. ಪೆಟ್ರೋಲ್ ಎಂಜಿನ್ ಮಾದರಿಗಳಿಗೆ ಪ್ರತ್ಯೇಕ ವಿಭಾಗವೇ ಬೇಕಾಯಿತು. ಅದರ ಬೆನ್ನಲ್ಲೇ ಮಾರುಕಟ್ಟೆಗೆ ಬಂದ ಬ್ರೌನ್ ಜೂನಿಯರ್ ಹವ್ಯಾಸದ ದಿಕ್ಕನ್ನೇ ಬದಲಿಸಿತು.

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬ್ರೌನ್ ಜೂನಿಯರ್ ಹಲವು ಆವೃತ್ತಿಗಳಲ್ಲಿ ಬಂದಿತು. ಒಂದರ ತೊಟ್ಟಿ, ಇನ್ನೊಂದರ ಸಿಲಿಂಡರ್ ಸೇರಿಸಿ ಜೋಡಿಸಿದ ಎಂಜಿನ್‌ಗಳು ಅಪರೂಪವಲ್ಲ. ಪ್ರತಿ ಭಾಗವನ್ನೂ ಪ್ರತ್ಯೇಕವಾಗಿ ಹೋಲಿಸಿದ ಮೇಲೆಯೇ ಆವೃತ್ತಿಯನ್ನು ಹೇಳಬೇಕು.

ಹೋಲಿಕೆಗೆ ಆಧಾರ ಹಳೆಯ ಪತ್ರಿಕೆಗಳು. 1929ರಲ್ಲಿ ಆರಂಭವಾದ ಅಮೆರಿಕದ ‘ಮಾಡೆಲ್ ಏರ್‌ಪ್ಲೇನ್ ನ್ಯೂಸ್’, 1935ರಲ್ಲಿ ಆರಂಭವಾದ ಬ್ರಿಟನ್ನಿನ ‘ಏರೋಮಾಡೆಲರ್’ ಪತ್ರಿಕೆಗಳ ಜಾಹೀರಾತು ಮತ್ತು ಎಂಜಿನ್ ಪರೀಕ್ಷಾ ವರದಿಗಳಲ್ಲಿ ಒಳವ್ಯಾಸ, ಚಲನೆ, ತೂಕ, ಲೋಹಗಳ ವಿವರಗಳು ಸಿಗುತ್ತವೆ. ಪೀಟರ್ ಚಿನ್, ರಾನ್ ವಾರಿಂಗ್ ಮುಂತಾದವರು ಬರೆದ ವರದಿಗಳನ್ನು ಸಂಗ್ರಾಹಕರು ಇಂದಿಗೂ ಪ್ರಮಾಣವೆಂದು ಪರಿಗಣಿಸುತ್ತಾರೆ.

ಪ್ರತಿರೂಪಗಳ ಗೋಜಲು

ಹೆಸರು ಕೆತ್ತಿದ್ದರೂ ಅದೇ ಕೊನೆಯ ಮಾತಲ್ಲ. ಜನಪ್ರಿಯ ಎಂಜಿನ್‌ಗಳ ಪ್ರತಿರೂಪಗಳು ಹಲವು ದೇಶಗಳಲ್ಲಿ ತಯಾರಾಗಿವೆ. ಇದರಲ್ಲಿ ಭಾರತಕ್ಕೂ ಒಂದು ಪಾಲಿದೆ. ಇಂಗ್ಲೆಂಡಿನ ಮಿಲ್ಸ್ ಸಂಸ್ಥೆ 1946ರಲ್ಲಿ 1.3 ಸಿಸಿ ಡೀಸೆಲ್ ಹೊರತಂದಿತು. ಬಳಿಕ ಬಂದ ಅದರ 0.75 ಸಿಸಿ ಎಂಜಿನ್ ಸುಲಭ ಚಾಲನೆಗೆ ಹೆಸರಾಯಿತು. ಮಿಲ್ಸ್ ವಿನ್ಯಾಸ ಆಧರಿಸಿದ ಡೀಸೆಲ್‌ಗಳನ್ನು ಕೋಲ್ಕತ್ತಾದಲ್ಲಿ ‘ಅರೋರಾ’ ಹೆಸರಿನಲ್ಲಿ ತಯಾರಿಸಲಾಯಿತು. ಆಮದು ವಸ್ತುಗಳು ದುಬಾರಿಯೂ ದುರ್ಲಭವೂ ಆಗಿದ್ದ ಕಾಲದಲ್ಲಿ ಭಾರತದ ಹವ್ಯಾಸಿಗಳಿಗೆ ದೇಶೀ ಎಂಜಿನ್ ದೊಡ್ಡ ಆಸರೆ. ಎನ್‌ಸಿಸಿ ವಾಯುದಳ ವಿಭಾಗದ ತರಬೇತಿಯಲ್ಲಿ ಮಾದರಿ ವಿಮಾನ ನಿರ್ಮಾಣ ಸೇರಿರುವುದರಿಂದ ಇಂತಹ ಪುಟ್ಟ ಎಂಜಿನ್‌ಗಳ ಪರಿಚಯವಿರುವ ಕೆಡೆಟ್‌ಗಳು ಕರ್ನಾಟಕದಲ್ಲೂ ಇದ್ದಾರೆ.

ಆದ್ದರಿಂದ ನಮ್ಮಲ್ಲಿ ಸಿಗುವ ಮಿಲ್ಸ್ ಆಕಾರದ ಡೀಸೆಲ್ ಇಂಗ್ಲೆಂಡಿನದೇ ಎಂದು ಭಾವಿಸಿ ಹಣ ತೆರುವುದು ಜಾಣತನವಲ್ಲ. ಅದು ದೇಶೀ ಪ್ರತಿರೂಪವೆಂದು ತಿಳಿದಾಗ ನಿರಾಶೆಗೊಂಡು ಎಸೆಯುವುದೂ ಸಲ್ಲದು. ಅಭಾವದ ದಿನಗಳಲ್ಲಿ ಇಲ್ಲಿನವರೇ ಮಾಡಿದ ಎಂಜಿನ್‌ಗೆ ಅದರದೇ ಆದ ಚರಿತ್ರೆಯಿದೆ.

ನಿಜಕ್ಕೂ ಹೆಸರಿಲ್ಲದವು

ಎಲ್ಲ ಪರೀಕ್ಷೆಗಳ ನಂತರವೂ ಯಾವ ಪಟ್ಟಿಗೂ ಹೊಂದದ ಎಂಜಿನ್‌ಗಳು ಉಳಿಯುತ್ತವೆ. ಅವುಗಳಲ್ಲಿ ಹಲವು ಮನೆಯಲ್ಲೇ ತಯಾರಾದವು. 1898ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಲೇತ್ ಹೊಂದಿದ ಹವ್ಯಾಸಿಗಳಿಗಾಗಿ ಎಂಜಿನ್ ನಕ್ಷೆಗಳನ್ನು ಪ್ರಕಟಿಸುತ್ತಿತ್ತು. ಎಡ್ಗರ್ ವೆಸ್ಟ್‌ಬರಿ ರೂಪಿಸಿದ ‘ಆಟಂ ಮೈನರ್’ನಂತಹ ವಿನ್ಯಾಸಗಳನ್ನು ಓದುಗರು ಎರಕದ ಭಾಗಗಳನ್ನು ತರಿಸಿಕೊಂಡು ತಾವೇ ಕಡೆದು ಪೂರ್ಣಗೊಳಿಸುತ್ತಿದ್ದರು. ಒಂದೇ ನಕ್ಷೆಯಿಂದ ಹುಟ್ಟಿದ ಎರಡು ಎಂಜಿನ್‌ಗಳು ಒಂದರಂತೆ ಇನ್ನೊಂದು ಇರುವುದಿಲ್ಲ.

ಅರದಿಂದ ಉಜ್ಜಿದ ಗೆರೆಗಳು, ಬೇರೆ ಬೇರೆ ಬಗೆಯ ತಿರುಪುಗಳ ಬಳಕೆ, ಕೇಂದ್ರದಿಂದ ಕೊಂಚ ಸರಿದ ರಂಧ್ರಗಳು, ಗಟ್ಟಿ ಲೋಹದಿಂದಲೇ ಕಡೆದ ಕ್ರ್ಯಾಂಕ್ ಕೇಸು ಇವೆಲ್ಲ ಅನಾಮಧೇಯ ಕುಶಲಕರ್ಮಿಯ ಸಹಿ. ಇಂತಹ ಎಂಜಿನ್‌ಗೆ ಬಲವಂತವಾಗಿ ಪ್ರಸಿದ್ಧ ಹೆಸರೊಂದನ್ನು ಅಂಟಿಸುವುದಕ್ಕಿಂತ ‘ತಯಾರಕರು ಅಜ್ಞಾತ’ ಎಂದು ಬರೆದು, ಅಳತೆಗಳನ್ನೂ ಅದು ದೊರೆತ ಮನೆಯ ವಿವರವನ್ನೂ ಜೊತೆಗಿಡುವುದು ಪ್ರಾಮಾಣಿಕ ಕ್ರಮ. ಪೆಟ್ಟಿಗೆಯಲ್ಲಿ ಜೊತೆಗಿದ್ದ ರಸೀದಿ, ಪತ್ರ, ಪತ್ರಿಕೆಯ ತುಣುಕುಗಳನ್ನು ಎಂದೂ ಬೇರ್ಪಡಿಸಬಾರದು.

ಚಾಲನೆಗೆ ಮುನ್ನ

ಕುಲ ಖಚಿತವಾಗುವವರೆಗೆ ಎಂಜಿನ್‌ಗೆ ಯಾವ ಇಂಧನವನ್ನೂ ಹಾಕಬಾರದು. ಡೀಸೆಲ್ ಎಂಜಿನ್‌ನ ಒತ್ತಡದ ತಿರುಪನ್ನು ಪೂರ್ತಿ ಬಿಗಿದು, ಒಳಗೆ ಇಂಧನ ತುಂಬಿರುವಾಗ ಬಲವಾಗಿ ತಿರುಗಿಸಿದರೆ ದ್ರವ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೆಟ್ರೋಲ್‌ಗಾಗಿ ರೂಪಿಸಿದ 1930ರ ದಶಕದ ಸ್ಪಾರ್ಕ್ ಎಂಜಿನ್ನನ್ನು ಗ್ಲೋ ಇಂಧನದಲ್ಲಿ ಓಡಿಸಿದರೆ ಅದರ ಹಗುರ ಭಾಗಗಳ ಮೇಲೆ ಮಿತಿಮೀರಿದ ಒತ್ತಡ ಬೀಳುತ್ತದೆ.

ಇಂಧನಗಳೂ ಅಪಾಯರಹಿತವಲ್ಲ. ಈಥರ್ ಆವಿ ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಹಳೆಯ ಈಥರ್‌ನಲ್ಲಿ ಸ್ಫೋಟಕ ಪೆರಾಕ್ಸೈಡ್‌ಗಳು ರೂಪುಗೊಳ್ಳಬಹುದಾದ್ದರಿಂದ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಇಂಧನದ ಶೀಶೆಯನ್ನು ತೆರೆಯಲೇಬಾರದು. ಮೆಥನಾಲ್ ವಿಷ, ದೃಷ್ಟಿಯನ್ನೇ ಕಸಿಯಬಲ್ಲದು. ತಿರುಗುವ ಪ್ರೊಪೆಲರ್ ಬೆರಳನ್ನು ಆಳವಾಗಿ ಸೀಳುತ್ತದೆ. ಅನುಭವಿ ಹವ್ಯಾಸಿಯ ಸಮ್ಮುಖದಲ್ಲಿ, ಭದ್ರವಾದ ಪೀಠಕ್ಕೆ ಬಿಗಿದ ಮೇಲೆಯೇ ಪ್ರಯತ್ನಿಸುವುದು ಒಳಿತು. ಅಪರೂಪದ ಎಂಜಿನ್ ಆಗಿದ್ದರೆ ಓಡಿಸದೆ, ಎಣ್ಣೆ ಸವರಿ, ತೇವವಿಲ್ಲದ ಡಬ್ಬಿಯಲ್ಲಿ ಇಡುವುದೇ ಕ್ಷೇಮ.

ಜ್ವಲನ ವಿಧಾನ, ಅಳತೆ, ಉಸಿರಾಟದ ದಾರಿ, ಎರಕ, ಮರೆ, ಗುರುತು: ಈ ಆರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಇಂದು ಹೆಸರು ಸಿಗದಿದ್ದರೂ ಆ ಹಾಳೆ ಎಂಜಿನ್ ಜೊತೆಗೇ ಇದ್ದರೆ ಮುಂದೊಂದು ದಿನ ಬಲ್ಲವರ ಕಣ್ಣಿಗೆ ಬಿದ್ದಾಗ ಹೆಸರು ತಾನಾಗಿ ಹೊರಬರಬಹುದು. ಗುಜರಿಯವನ ತಕ್ಕಡಿಯಲ್ಲಿ ಅದರ ತೂಕ ಕೆಲವೇ ನೂರು ಗ್ರಾಂ. ಮನೆಯ ಹಿರಿಯರೊಬ್ಬರು ರಜೆಯ ಸಂಜೆಗಳಲ್ಲಿ ಹಚ್ಚಿ, ಹಾರಿಸಿ, ಒರೆಸಿ ಎತ್ತಿಟ್ಟ ವಸ್ತುವನ್ನು ಅಳೆಯಲು ಆ ತಕ್ಕಡಿ ಸಾಲದು.